ಕೂಸಿನ ಹಣೆಯ ಭಂಡಾರ

ನಮ್ಮ ಚರ್ಚಿನಲ್ಲಿ ಈ ಕಥೆಯನ್ನು ಬಹಳ ವರ್ಷ ಹೇಳಿದರು. ಸೊಲ್ಲಾಪುರದ ಗಿರಣಿ ಚಾಳಿನಲ್ಲಿ ಬಾಣಂತಿಯೊಬ್ಬಳು ತೀರಿಕೊಂಡಳು. ಪಕ್ಕದ ಮನೆಯ ಕ್ರಿಸ್ತೀಯ ಹೆಂಗಸು ಆ ಕೂಸಿಗೆ ತನ್ನ ಎದೆಹಾಲು ಕೊಟ್ಟಳು. ಕೂಸಿಗೆ ಜ್ವರ ಏರಿ ಕಣ್ಣು ಮೇಲಾದಾಗ ಮನೆಯ ಹಿರಿಯಳು ಪ್ರಾರ್ಥಿಸಿದಳು, ಜ್ವರ ಇಳಿಯಿತು. ಪಾದ್ರಿಯವರ ಭಾನುವಾರದ ಪ್ರಸಂಗದಲ್ಲಿ ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಹಾಡಲು ಏಳುತ್ತಿದ್ದರು. ಹಾಲು ಕೊಟ್ಟವಳು ನಾನು, ಪ್ರಾರ್ಥಿಸಿದವರು ನನ್ನ ಅತ್ತೆ. ನಾವಿಬ್ಬರೂ ಏಳುತ್ತಿದ್ದೆವು.

ಅದರ ಮುಂದಿನದನ್ನು ಬರೆಯಬೇಕು. ಹಾಗೆಂದು ನನ್ನ ನೆನಪೇ ಖರೆ ಎಂದು ಹೇಳುತ್ತಿಲ್ಲ. ಕೂಸಿಗೆ ಜ್ವರ ಏರಿದ ಆ ದಿನ ಅತ್ತೆ ನೀರು ತಂದ ಲೋಟ ನನ್ನ ಕಣ್ಣಿಗೆ ಇವತ್ತೂ ಬೆಳ್ಳಿಯದಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಬೆಳ್ಳಿ ಎಲ್ಲಿತ್ತು? ಚರ್ಚಿನ ಮೇಜಿನ ಮೇಲಿನ ಬಟ್ಟಲನ್ನು ನೆನಪು ಎತ್ತಿಕೊಂಡು ಬಂದು ನಮ್ಮ ಖೋಲಿಯಲ್ಲಿಟ್ಟಿದೆ. ಬರೆಯುವಾಗ ಒಂದೊಂದನ್ನೇ ಹೀಗೆ ಎತ್ತಿ ಹೊರಗಿಡಬೇಕಾಗುತ್ತದೆ.

ಐವತ್ತರ ದಶಕದ ನಡುಭಾಗ. ನಾನು ಕನ್ನಡ ಶಾಲೆಯಲ್ಲಿ ಶಿಕ್ಷಕಿ, ಮೊದಲ ಮಗಳನ್ನು ಹೆತ್ತು ರಜೆಯಲ್ಲಿದ್ದೆ. ಗೋಡೆಯಾಚೆಯ ಖೋಲಿಯವನು ಹುಲಜಂತಿ ಕಡೆಯ ಕುರುಬ. ಕುರಿ ಬಿಟ್ಟು ಬಂದು ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಹೆಂಡತಿ ಹೆರಿಗೆಯಲ್ಲೇ ನಂಜೇರಿ ಎಚ್ಚರ ತಪ್ಪಿದವಳು ಕಣ್ಣು ತೆರೆಯದೆ ಸತ್ತಳು. ಅವನ ತಾಯಿ ಊರಿನಿಂದ ಬಂದು ಹೆಣ್ಣುಕೂಸಿಗೆ ಆಡಿನ ಹಾಲು ಕುಡಿಸಿ ನೋಡಿದಳು. ಕೂಸು ಕುಡಿದದ್ದೆಲ್ಲ ನೀರಾಗಿ ಹೋಗುತ್ತಿತ್ತು. ಗೋಡೆಯ ಮೂಲಕ ಅದರ ಅಳು ದಿನದಿಂದ ದಿನಕ್ಕೆ ಸಣ್ಣದಾಗುವುದು ನನಗೆ ಕೇಳುತ್ತಿತ್ತು. ಆ ಅಳು ಕೇಳಿದರೆ ನನ್ನ ಕುಪ್ಪಸ ಒದ್ದೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ನಮ್ಮ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ಹ್ಯಾಂಗ ಕೇಳಬೇಕು ತಿಳೀವಲ್ದು."

"ಬಾಯಿಲೆ ಕೇಳಪಾ," ಎಂದು ಅತ್ತೆ ಒಳಗಿನಿಂದ ಅಂದರು.

"ನಮ್ಮ ಪೋರಗಿ ಆಡಿನ ಹಾಲ ತಡಕೋವಲ್ದರಿ. ನಿಮ್ಮ ಕೂಸು ಕುಡದು ಉಳದದ್ದು ಇದ್ರ..."

"ಉಳದದ್ದು ಕೊಡಾಕ ಅದೇನು ನಿನ್ನಿ ಸಾರೇನೋ ಹುಚ್ಚಪ್ಪ?" ಅತ್ತೆ ಹೊರಗೆ ಬಂದಿದ್ದರು. "ತೊಗೊಂಡು ಬಾ ಹೋಗು."

ಅವನ ತಾಯಿಯ ಕರಾರುಗಳು ಬೇರೆ ಇದ್ದವು. ನಾನು ಅವರ ಹೊಸ್ತಿಲು ದಾಟಬಾರದು. ಕೂಸು ನಮ್ಮ ಹೊಸ್ತಿಲು ದಾಟಬಾರದು. ಎರಡೂ ಬಾಗಿಲುಗಳ ನಡುವೆ ಗ್ಯಾಲರಿಯಲ್ಲಿ ಅವಳು ಕಂಬಳಿ ಹಾಸುತ್ತಾಳೆ, ಅದರ ಮೇಲೆ ಕೂತು ನಾನು ಕುಡಿಸಬೇಕು. ಕುಡಿಸುವ ಮೊದಲು ಕೂಸಿನ ಹಣೆಗೆ ಭಂಡಾರ ಹಚ್ಚಬೇಕು. ಭಂಡಾರವೆಂದರೆ ಕುರುಬರ ದೇವರು ಬೀರೋಬನ ಗುಡಿಯ ಅರಿಸಿನ ಪುಡಿ. ಅದು ಹಣೆಯ ಮೇಲಿದ್ದಷ್ಟು ಹೊತ್ತು ಕೂಸು ಬೀರೋಬನದು, ಯಾರ ಹಾಲು ಕುಡಿದರೂ ದೋಷವಿಲ್ಲ ಎಂಬುದು ಅವಳ ಲೆಕ್ಕ. ಸೊಂಟದ ಚೀಲದಿಂದ ಚಿಟಿಕೆ ತೆಗೆದು ಅವಳು ಕೂಸಿಗೆ ಹಚ್ಚಿ ನನ್ನ ಅಂಗೈಗೂ ಉದುರಿಸಿದಳು. ಅತ್ತೆ ಮುಖ ತಿರುಗಿಸಿದರು.

"ಅತ್ತಿ, ಅರಿಷಿಣ ಅಲ್ಲೇನ್ರಿ? ದಿನಾ ಬ್ಯಾಳಿಗಿ ಹಾಕತೀವಿ," ಅಂದೆ.

"ಬ್ಯಾಳಿಗಿ ಹಾಕೋದು ಬ್ಯಾರೆ," ಅಂದರು ಅತ್ತೆ. ಅಷ್ಟಕ್ಕೇ ಬಿಟ್ಟರು.

ನನ್ನ ಜನ ಎರಡು ತಲೆಮಾರಿನ ಹಿಂದೆ ಊರ ಹೊರಗಿನ ಯಾವ ಕೇರಿಯವರಾಗಿದ್ದರೆಂದು ಚಾಳಿಗೆಲ್ಲ ಗೊತ್ತಿತ್ತು. ಹೀಗಾಗಿ ನಳದ ಹತ್ತಿರ ಮಾತು ಹುಟ್ಟಿತು. ಕೊಡ ತುಂಬುತ್ತಿದ್ದವಳೊಬ್ಬಳು ಮುದುಕಿಯನ್ನು ಕೇಳಿದಳು: "ಏನ್ ಆಯಿ, ಕಿರಿಸ್ತಾನರ ಹಾಲ ಕುಡದ ಪೋರಗಿ ಮುಂದ ಕುರಿ ಕಾಯ್ತದೋ, ಗೌನ ಹಾಕ್ಕೊಂಡು ಪಿಯಾನೋ ಬಾರಸ್ತದೋ?"

"ನಿನ್ನ ಎದಿ ಒಣಗೇದಲ್ಲ, ಬಾಯಿ ಯಾಕ ಒಣಗವಲ್ದು?" ಅಂದಳು ಮುದುಕಿ. ನಳದ ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆ ಮುದುಕಿ ನನಗೆ ಹಿಡಿಸಿದ್ದಳು. ಇದನ್ನು ಪ್ರಸಂಗದಲ್ಲಿ ಯಾರೂ ಹೇಳುತ್ತಿರಲಿಲ್ಲ. ಹಾಲು ಎರಡು ಬಾಯಿಗೆ ಸಾಲುತ್ತಿರಲಿಲ್ಲವೆಂಬುದನ್ನೂ, ನನ್ನ ಮಗಳು ಹಸಿದು ಅತ್ತರೆ ಅತ್ತೆ ಗಂಜಿಯ ತಿಳಿ ನೆಕ್ಕಿಸಿ ಮಲಗಿಸುತ್ತಿದ್ದರೆಂಬುದನ್ನೂ ಹೇಳುತ್ತಿರಲಿಲ್ಲ.

ಕುರುಬನ ಕೂಸಿಗೆ ಕೆನ್ನೆ ಬಂತು.

ಆಮೇಲೆ ಮುದುಕಿ ಒಂದು ದಿನದ ಮಟ್ಟಿಗೆ ಊರಿಗೆ ಹೋದಳು, ಬೀರೋಬನಿಗೆ ಹೊತ್ತ ಹರಕೆಗೆ. ಮಗ ಹಗಲು ಪಾಳಿಯಲ್ಲಿದ್ದ. ಕೂಸನ್ನು ನಮ್ಮ ಮನೆಯಲ್ಲಿ ಬಿಡದೆ ಬೇರೆ ದಾರಿ ಇರಲಿಲ್ಲ. ಹಣೆಗೆ ದಪ್ಪಗೆ ಭಂಡಾರ ಬಳಿದು, ಹೊಸ್ತಿಲಿನ ಕರಾರನ್ನು ತಾನೇ ಮುರಿದು ನಮ್ಮ ಕೈಗೆ ಕೊಟ್ಟು ಹೋದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಮೈ ಕಾದ ಹಂಚಾಯಿತು. ಕೂಸು ಒಮ್ಮೆ ಸೆಟೆದುಕೊಂಡಿತು, ಕಣ್ಣು ಮೇಲೆ ಹೋಯಿತು, ತುಟಿ ನೀಲಿಗಟ್ಟಿತು. ನನ್ನ ತೊಡೆಯ ಮೇಲಿತ್ತು. ಹೋಯಿತು ಎಂದೇ ತಿಳಿದೆ.

ಅತ್ತೆ ಲೋಟದಲ್ಲಿ ನೀರು ತಂದರು. ಅಲ್ಯೂಮಿನಿಯಮ್ಮಿನ ಲೋಟ. ಬೆರಳು ಅದ್ದಿ ಕೂಸಿನ ಹಣೆಯ ಮೇಲೆ ಮೂರು ಸಲ ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದರು. ಸಾಯುವ ಜೀವಕ್ಕೆ ಪಾದ್ರಿ ಸಿಗದಿದ್ದರೆ ವಿಶ್ವಾಸಿ ಯಾರಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಅವರು ಕಲಿತದ್ದು. ಬರಗಾಲದಲ್ಲಿ ಮಿಷನ್ನಿನ ಅನಾಥಾಲಯದ ಬಾಗಿಲಲ್ಲಿ ಬಿದ್ದಿದ್ದ ಮಗು ಅವರು. ಉಳಿಯುವುದಿಲ್ಲವೆಂದು ಅವರ ಹಣೆಗೂ ಯಾರೋ ಹಾಗೆಯೇ ನೀರು ಹಾಕಿದ್ದರು. ಅವರು ಉಳಿದಿದ್ದರು. ಅವರಲ್ಲಿದ್ದದ್ದರಲ್ಲಿ ಅತಿ ದೊಡ್ಡದು ಅದೊಂದೇ. ಅದನ್ನು ಪಕ್ಕದ ಮನೆಯ ಕೂಸಿಗೆ ಕೊಟ್ಟರು.

ನಾನು ಒದ್ದೆ ಬಟ್ಟೆ ಹಾಕುತ್ತಲೇ ಇದ್ದೆ. ಯಾವುದರಿಂದಲೋ, ಕೂಸು ಉಸಿರೆಳೆದುಕೊಂಡು ಅತ್ತಿತು. ಚರ್ಚಿನ ಕಥೆ ಮುಗಿಯುವುದು ಇಲ್ಲಿಯೇ.

ಸಂಜೆ ಮುದುಕಿ ಬಂದಳು. ಗ್ಯಾಲರಿಯಲ್ಲೇ ಕೂಸನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಹಣೆ ಬೋಳಾಗಿತ್ತು. ಹುಬ್ಬಿನ ಕೂದಲಲ್ಲಿ, ಕಿವಿಯ ಹಿಂದೆ, ಹಳದಿ ಗೆರೆ ಇಳಿದು ಒಣಗಿತ್ತು.

"ಭಂಡಾರ ಎಲ್ಲಿ ಹೋತು?"

"ಜ್ವರಾ ಬಂದಿತ್ತು ಆಯಿ, ಪಟ್ಟಿ ಹಾಕಿದೆ," ಅಂದೆ.

"ನೀ ಸುಮ್ಮನಿರು," ಎಂದು ಅತ್ತೆಯ ಕಡೆ ತಿರುಗಿದಳು. "ಏ ಬಾಯಿ, ನೀ ಹೇಳು. ನಿಮ್ಮ ನೀರ ಹಾಕಿಯೇನ?"

ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ. ಖರೆ ಹೇಳಲು ಆ ಹೊತ್ತಿಗೆ ಧೈರ್ಯ ಸಾಲಲಿಲ್ಲ. ಅಥವಾ ಹೀಗೆ ನಾನು ಆಮೇಲೆ ಅಂದುಕೊಂಡೆ. ಅವರು ಬಾಯಿಬಿಡಲಿಲ್ಲವೆಂಬುದು ಮಾತ್ರ ಗಟ್ಟಿ.

"ಹಾಲಿಗಿ ಬಂದಿದ್ವಿ," ಅಂದಳು ಮುದುಕಿ. "ಹಾಲ ಕುಡದ್ರ ಕೂಸು ನಮ್ಮದಽ ಇರ್ತದ. ನೀ ಕೂಸಽ ತೊಗೊಂಡ್ಯಲ್ಲ."

ಮರುದಿನ ಮಗ ಗಿರಣಿಗೆ ಹೋದ ಮೇಲೆ ಅವಳು ಕೂಸನ್ನು ಎತ್ತಿಕೊಂಡು ಅಕ್ಕಲಕೋಟೆಯ ಗಾಡಿ ಹತ್ತಿದಳು. ಆ ಕಡೆಯ ತಡವಳವೆಂಬ ಹಳ್ಳಿಯಲ್ಲಿ ಅವಳ ಮಗಳಿದ್ದಳು, ಅವಳಿಗೆ ಹಾಲಿದೆ ಎಂದು ನಳದ ಹತ್ತಿರ ಹೇಳಿ ಹೋಗಿದ್ದಳು. ಆ ಮಗಳ ಮಗು ಓಡಾಡುವಷ್ಟು ದೊಡ್ಡದು, ಹಾಲು ಬತ್ತಿ ವರ್ಷವಾಗಿದೆ ಎಂದು ಸಂಜೆ ಮಗ ಹೇಳಿದ. ಹೇಳಿ ತಲೆ ಹಿಡಿದುಕೊಂಡು ಗ್ಯಾಲರಿಯಲ್ಲಿ ಕೂತ.

ಸ್ವಲ್ಪ ದಿನ ಕಾದ. ತಡವಳದಿಂದ ಬಂದವರು ಯಾರೋ ಕೂಸು ಸೊರಗಿ ಇಳಿದುಹೋಗಿದೆ ಎಂದು ಸುದ್ದಿ ತಂದರು. ಅವನು ಪಾಳಿ ತಪ್ಪಿಸಿ ನಮ್ಮ ಬಾಗಿಲಿಗೆ ಬಂದ. "ಅಕ್ಕಾರ, ಬರ್ತೀರೇನ್ರಿ?" ಅಷ್ಟೇ ಕೇಳಿದ. ನಾನು ನನ್ನ ಮಗಳನ್ನು ಕಟ್ಟಿಕೊಂಡು ಹೊರಟೆ. ಅತ್ತೆ ಸೀರೆ ಸುತ್ತಿಕೊಂಡು ತಾವೂ ಎದ್ದರು. "ನೀವು ಬ್ಯಾಡ್ರಿ ಅತ್ತಿ," ಅಂದೆ. ಅವರು ಹೊಸ್ತಿಲಲ್ಲೇ ಕೂತುಬಿಟ್ಟರು.

ಅಕ್ಕಲಕೋಟೆ ಸ್ಟೇಷನ್ನಿನಲ್ಲಿ ಇಳಿದು ಚಕ್ಕಡಿ ಹಿಡಿದೆವು. ದಾರಿಯಲ್ಲಿ ಅವನು ನನ್ನ ಮುಖ ನೋಡದೆ ಕೇಳಿದ:

"ಖರೇ ಹೇಳ್ರಿ ಅಕ್ಕಾರ. ನೀರ ಹಾಕ್ಯಾರೇನ್ರಿ?"

"ಹಾಕ್ಯಾರಪಾ. ಕೂಸು ಹೋತಂತ ಹಾಕಿದ್ರು."

"ನಮ್ಮವ್ವಗ ಇದನ್ನ ಹೇಳಬ್ಯಾಡ್ರಿ," ಅಂದ.

ಮುದುಕಿ ಅಂಗಳದಲ್ಲಿ ಕುರಿ ಹಟ್ಟಿಯ ಪಕ್ಕ ಕೂತಿದ್ದಳು. ಕೌದಿಯಲ್ಲಿ ಕೂಸು. ಕೆನ್ನೆ ಇರಲಿಲ್ಲ, ನೆತ್ತಿ ಕುಳಿ ಬಿದ್ದಿತ್ತು. ಹಣೆಯ ತುಂಬ ಮಾತ್ರ ಭಂಡಾರ, ಹಚ್ಚಿ ಹಚ್ಚಿ ಹೊಪ್ಪಳೆಯಾಗಿತ್ತು. ಅವಳ ಮಗಳು ಒರಳಿನ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದಳು, ಬಾ ಎನ್ನಲಿಲ್ಲ. ನಾನು ಕೈ ಚಾಚಿದೆ. ಮುದುಕಿ ಕೊಡಲಿಲ್ಲ.

"ನೀರ ಹಾಕಿದ ಕೂಸಾದ್ರ ಬೀರೋಬ ಕೈ ಬಿಟ್ಟಾನ, ನಿನ್ನ ಹಾಲ ಕುಡದು ಬದುಕಿ ಏನ್ ಮಾಡೋದದ? ಹಾಕಿಲ್ಲಂದ್ರ ಈಗಽ ಕೊಡ್ತೀನಿ. ಯಾರ ಹೇಳ್ತೀರಿ?"

"ಹಾಕಿಲ್ಲಬೇ," ಅಂದ ಮಗ.

"ಬಾಯಿಲೆ ಬ್ಯಾಡ." ಸೊಂಟದ ಚೀಲ ಬಿಚ್ಚಿ ಅವನ ಮುಂದೆ ಹಿಡಿದಳು. "ಎತ್ತು."

ಭಂಡಾರ ಎತ್ತಿ ಹೇಳಿದ ಮಾತು ಅವರಲ್ಲಿ ಕಡೆಯ ಮಾತು. ಸುಳ್ಳಾದರೆ ಎತ್ತಿದವನ ವಂಶ ಉಳಿಯುವುದಿಲ್ಲ. ನನಗೆ ಅದು ಅರಿಸಿನ. ಅವನಿಗೆ ಅಲ್ಲ. ಅವನ ಕೈ ಚೀಲದೊಳಗೆ ಹೋದದ್ದು, ಹೊರಗೆ ಬಂದಾಗ ಬೆರಳುಗಳ ಸಂದಿನಿಂದ ಪುಡಿ ಉದುರಿದ್ದು ಕಂಡೆ. ಇದನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಮುಷ್ಟಿಯನ್ನು ಹಣೆಗೆ ಮುಟ್ಟಿಸಿ, "ನನ್ನ ಪೋರಗಿಗಿ ಯಾರೂ ನೀರ ಹಾಕಿಲ್ಲ, ಬೀರೋಬನ ಆಣಿ," ಅಂದ.

ಮುದುಕಿ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ತಾನೇ ಸೆರಗು ಮರೆ ಹಿಡಿದು ನಿಂತಳು. ಹಾಲು ಇತ್ತು, ಬೇಕಾದಷ್ಟಿತ್ತು. ಕೂಸು ಬಾಯಿಗೆ ತೆಗೆದುಕೊಂಡಿತು, ಎಳೆಯಲಿಲ್ಲ. ನಾನು ಹಿಂಡಿ ತುಟಿಯ ಮೇಲೆ ಬಿಟ್ಟೆ. ಅದು ಕಟವಾಯಿಯಿಂದ ಕೆಳಗೆ ಹರಿಯಿತು. ಎರಡು ಗುಟುಕು ಇಳಿಯಿತೆಂದು ಮುದುಕಿ ಅಂದಳು. ನನಗೆ ಹಾಗನ್ನಿಸಲಿಲ್ಲ. ಹೊತ್ತು ಮುಳುಗುವ ಮೊದಲೇ ಕೂಸು ತೀರಿಕೊಂಡಿತು.

ಆಗ ಮುದುಕಿ ಅತ್ತದ್ದು ಹೀಗೆ: "ಸುಳ್ಳಽ ಸಂಶೇ ಪಟ್ಟು ಹಾಲ ಬಿಡಿಸಿದೆ. ಒಳ್ಳೆ ಮಂದಿ ಮ್ಯಾಲ ಮಣ್ಣ ಹಾಕಿ ನಾನಽ ಕೊಂದೆ." ಮಗನ ಆಣೆಯನ್ನು ಅವಳು ಪೂರ್ತಿ ನಂಬಿದ್ದಳು. ನನ್ನ ಕೈ ಹಿಡಿದು, ನಿಮ್ಮ ಅತ್ತೆಗೆ ತಪ್ಪಾತಂತ ಹೇಳು ಎಂದಳು. ಮಗ ತನ್ನ ಹಳದಿ ಅಂಗೈಯನ್ನು ನೋಡುತ್ತ ಕೂತಿದ್ದ. ತನ್ನ ಸುಳ್ಳೇ ಕೂಸನ್ನು ತಿಂದಿತು ಎಂಬುದು ಅವನ ಮುಖದಲ್ಲಿ ಬರೆದಂತಿತ್ತು. ಮೈಯ ನೀರು ಬತ್ತಿ ಸತ್ತ ಕೂಸು ಇದು ಎಂದು ಡಾಕ್ಟರು ಯಾರಾದರೂ ಹೇಳಿದ್ದರೆ ಇಬ್ಬರೂ ಕೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಸೊಲ್ಲಾಪುರಕ್ಕೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಎರಡು ಹೊತ್ತು ಉಣ್ಣಲಿಲ್ಲ. ಆಮೇಲೆ, "ಕರ್ತನ ಕುರಿಮರಿ ಕರ್ತನ ಹಂತ್ಯಾಕ ಹೋತು," ಅಂದರು. ಅದನ್ನು ಹಿಡಿದುಕೊಂಡು ಎದ್ದು ಓಡಾಡತೊಡಗಿದರು.

ಕೂಸಿನ ತಂದೆ ಕೆಲಸಕ್ಕೆ ಮರಳಿದ. ಒಂದು ಭಾನುವಾರ ನಾವು ಚರ್ಚಿನಿಂದ ಬಂದ ಹೊತ್ತಿಗೆ ಬಾಗಿಲಿಗೆ ಬಂದ. ಜಗಳಕ್ಕೆ ಬಂದನೆಂದು ನನಗೆ ಹೆದರಿಕೆಯಾಯಿತು. ಜಗಳಕ್ಕಲ್ಲ.

"ಆಯಿ, ನೀವು ಹಾಕಿದ ನೀರ ಖರೇ ಇದ್ರ, ನಮ್ಮ ಪೋರಗಿ ಈಗ ನಿಮ್ಮ ದೇವರ ಹಂತ್ಯಾಕ ಅದ ಏನ್ರಿ?"

"ಅದಪಾ. ಆರಾಮ ಅದ."

"ಹೌದ್ರಿ? ಅದರ ಅವ್ವ ನಮ್ಮ ಹಿರ್ಯಾರ ಕಡಿ ಹೋಗ್ಯಾಳ್ರಿ. ಆಕಿ ಇದರ ಮಾರಿ ಸುದ್ದಾ ನೋಡಿಲ್ಲ. ಈಗ ಆಕಿಗಿ ಇದು ಹ್ಯಾಂಗ ಸಿಗತದ್ರಿ?"

ಹೇಳಲು ಬೈಬಲಿನ ವಾಕ್ಯಗಳು ಅತ್ತೆಗೆ ಸಾಕಷ್ಟು ಬಾಯಿಪಾಠ ಇದ್ದವು.

"ಅದನ್ನ ನಾ ಯಾರಿಗೂ ಕೇಳಿಲ್ಲಪಾ," ಅಂದರು.

"ಕೇಳ್ರಿ," ಅಂದ ಅವನು. "ನಿಮ್ಮ ಪಾದ್ರಿಯಾರಿಗಿ ಕೇಳಿ ಹೇಳ್ರಿ. ನಾ ಇಲ್ಲೇ ಇರ್ತೀನಿ."