ಆಗಂಗಿಲ್ಲ ಅಂದ ಹಡಗು

ಯಾಕೂಬಸಾಬ ಬಸ್ಸಿನಲ್ಲಿ ಕೂಡುವುದಿಲ್ಲ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಬರುವಾಗ ಹಿಂದೆ ಇಪ್ಪತ್ತು ಸೀಟು ಖಾಲಿ ಬಿದ್ದಿದ್ದರೂ ಡ್ರೈವರನ ಬೆನ್ನಿಗಿರುವ ಕಂಬಿ ಹಿಡಿದು ನಿಂತೇ ಬರುತ್ತಾನೆ. ಕಂಡಕ್ಟರ್ ಬೈದರೆ ಟಿಕೀಟು ತೋರಿಸುತ್ತಾನೆ. ವಯಸ್ಸು ಎಪ್ಪತ್ಮೂರು, ಎಡಗಾಲು ಎಳೆದು ಹಾಕುತ್ತಾನೆ, ಆದರೂ ನಿಂತೇ. ನಡೆಸುವವನ ಕೈ ಕಣ್ಣಿಗೆ ಕಾಣುತ್ತಲೇ ಇರಬೇಕಂತೆ.

ಇಂಥವನನ್ನು ಮುಂಬಯಿಗೆ ಒಯ್ದು ಹಡಗು ಹತ್ತಿಸಬೇಕೆಂದು ನಾವು ಮೂರು ಮಂದಿ ಹೋದ ಯುಗಾದಿಗೆ ಹಟ ಹಿಡಿದೆವು.

ಕೃಷ್ಣಾ ಹೊಳೆಯ ದಂಡೆಗೆ ನಮ್ಮದೊಂದು ಊರಿತ್ತು. ಈಗ ಅದು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಮುಳುಗುವ ಮೊದಲು ಎಂಟು ವರ್ಷ ಧರಣಿ, ಪಾದಯಾತ್ರೆ, ಜೈಲು ಅಂತ ಒಟ್ಟಿಗೆ ತಿರುಗಿದವರಲ್ಲಿ ನಾಲ್ಕು ಮಂದಿ ಇನ್ನೂ ಉಸಿರಾಡುತ್ತಿದ್ದೇವೆ. ನೀರು ನಮ್ಮನ್ನು ನಾಲ್ಕು ತಾಲೂಕಿಗೆ ಎಸೆಯಿತು. ನಾನು ಮುದ್ದೇಬಿಹಾಳದಲ್ಲಿ. ಶ್ರೀವಲ್ಲಭ ಮಾಸ್ತರರು ಬಾಗೇವಾಡಿಯಲ್ಲಿ. ಸಿದ್ದವ್ವ ಇಂಡಿ ತಾಲೂಕಿನ ಹೊರ್ತಿಯಲ್ಲಿ, ಮಗಳ ಲಿಂಬೆ ತೋಟದಲ್ಲಿ. ಯಾಕೂಬಸಾಬ ಸಿಂದಗಿಯಲ್ಲಿ, ಮಗಳು ಸುಗ್ರಾಳ ಮನೆ ಮುಂದೆ ಪಂಕ್ಚರ್ ಅಂಗಡಿ ಇಟ್ಟುಕೊಂಡು. ಊರಲ್ಲಿದ್ದಾಗ ಅವನು ದೋಣಿ ನಡೆಸುತ್ತಿದ್ದ. ಈಗ ಅವನ ಪಾಲಿಗೆ ಉಳಿದ ನೀರೆಂದರೆ ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ಬುಟ್ಟಿಯಷ್ಟು ತಗಡಿನ ತೊಟ್ಟಿ.

ವರ್ಷಕ್ಕೊಮ್ಮೆ ಮಾಸ್ತರರ ಮನೆಯಲ್ಲಿ ಸೇರುತ್ತೇವೆ. ಉಂಡು, ಸತ್ತವರ ಹೆಸರು ತೆಗೆದು, ಬದುಕಿದವರಿಗೆ ಬೈದು ಎದ್ದು ಹೋಗುತ್ತೇವೆ. ಈ ಸಲ ಸಿದ್ದವ್ವ ಮೊಬೈಲಿನಲ್ಲಿ ಒಂದು ಹಡಗು ತೋರಿಸಿದಳು. ಹನ್ನೊಂದು ಅಂತಸ್ತು, ಮಾಳಿಗೆಯ ಮೇಲೆ ಈಜುಕೊಳ.

"ನೀರಿನ ಮ್ಯಾಲ ಹಡಗ, ಹಡಗದ ಮ್ಯಾಲ ಮತ್ತ ನೀರು," ಅಂದಳು. "ಇಂಥ ಹುಚ್ಚರನ್ನ ಸಾಯೂದ್ರಾಗ ಒಮ್ಮೆ ನೋಡಿ ಬರೂನು ನಡೀರಿ."

ಮಾಸ್ತರರಿಗೆ ಆ ಮಾತು ತಲೆಗೆ ಹತ್ತಿತು. ಮರುವಾರವೇ ವಿಜಯಪುರದ ಒಂದು ಬುಕಿಂಗ್ ಆಫೀಸಿಗೆ ಹೋಗಿ ಎರಡು ಕಂಪನಿಗಳ ಬಣ್ಣದ ಪುಸ್ತಕ ತಂದರು. ಒಂದು 'ಸಮುದ್ರರಾಣಿ': ಸಿದ್ದವ್ವ ತೋರಿಸಿದ್ದೇ ಅದು, ಲಕ್ಷದ್ವೀಪಕ್ಕೆ ಹೋಗುವುದು. ಇನ್ನೊಂದು 'ಪಶ್ಚಿಮ ಲಹರಿ': ಸಣ್ಣದು, ಹಳೆಯದು, ಮುಂಬಯಿಯಿಂದ ಗೋವಾಕ್ಕೆ ಹೋಗಿ ಹೊಳ್ಳಿ ಬರುವುದು. ಅದರಲ್ಲೂ ಈಜುಕೊಳವಿತ್ತು. ಫೋಟೋ ನೋಡಿ ಸಿದ್ದವ್ವ, ಇದರಾಗ ನಮ್ಮ ಎಮ್ಮಿ ಒಂದು ಹೊಕ್ಕರ ನೀರೆಲ್ಲಾ ಹೊರಗ ಬರ್ತೈತಿ ಅಂದಳು.

ಎಲ್ಲದರಲ್ಲೂ ಸಮುದ್ರರಾಣಿಯೇ ಮುಂದಿತ್ತು. ಮಾಸ್ತರರಿಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇರೆ ಒಲೆಯ ಮೇಲೆ. ನನ್ನ ಮೊಣಕಾಲಿಗೆ ಲಿಫ್ಟು. ಮಲಗುವ ಕೋಣೆಗೆ ಕಿಡಕಿ, ಕಿಡಕಿಯಾಚೆ ಕೂಡಲು ಕಟ್ಟೆ. ಆದರೆ ಯಾಕೂಬಸಾಬ ಎರಡೂ ಪುಸ್ತಕ ಮಗುಚಿ ನೋಡಿ ಕೆಳಗಿಟ್ಟ.

"ದೋಣಿ ಗಳ ಹಿಡದವನ ಮಾರಿ ನೋಡದ ನಾ ನೀರಿನ ಮ್ಯಾಲ ಕಾಲಿಡಂಗಿಲ್ಲ," ಅಂದ. "ನೀವು ಹೋಗಿ ಬರ್ರಿ."

ನೀವು ಹೋಗಿ ಬರ್ರಿ ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ. ಧರಣಿಯ ಕಾಲದಲ್ಲಿ ಪೊಲೀಸರು ಒಬ್ಬನನ್ನು ವ್ಯಾನಿಗೆ ಎಳೆದರೆ ಉಳಿದವರು ತಾವಾಗಿಯೇ ಹತ್ತಿ ಕೂಡುತ್ತಿದ್ದೆವು. ಒಬ್ಬ ಫೌಜದಾರ ಕೈಮುಗಿದು ಇಳೀರಪ್ಪಾ ಅಂತ ಬೇಡಿಕೊಂಡಿದ್ದ. ಯಾಕೂಬಸಾಬ ಇಲ್ಲವೆಂದರೆ ಹಡಗೂ ಇಲ್ಲ.

ಆಗ ನಾವು ನಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆವು. ಮನವಿ ಬರೆದೆವು.

ಹಳೆಯ ಕಾಲದಲ್ಲಿ ಮಾಸ್ತರರು ಸರಕಾರಿ ಸಾಲಿಯ ನೌಕರರು. ಬರೆಯುವುದು ಅವರು, ಸಹಿ ಮಾಡುವುದು ನಾವು. ಎಂಟು ವರ್ಷದಲ್ಲಿ ನೂರಾರು ಮನವಿ ಬರೆದರೂ ಒಂದರ ಮೇಲೂ ಅವರ ಹೆಸರಿಲ್ಲ. ಈ ಸಲ 'ಮಾನ್ಯರೇ, ಈ ಕೆಳಗೆ ಸಹಿ ಮಾಡಿದ ನಾವು' ಅಂತ ಅದೇ ದುಂಡನೆಯ ಅಕ್ಷರದಲ್ಲಿ ಬರೆದು, ಆರು ಬೇಡಿಕೆ ಇಟ್ಟು, ಪೆನ್ನು ಯಾರಿಗೂ ಕೊಡದೆ ಮೊದಲು ತಾವೇ ಸಹಿ ಹಾಕಿದರು. ಹಾಕಿ ಅದನ್ನೇ ನೋಡುತ್ತ ಕೂತರು. ಸಿದ್ದವ್ವ ಪೆನ್ನು ಕಸಿದುಕೊಳ್ಳಬೇಕಾಯಿತು.

ಐದನೇ ಬೇಡಿಕೆ ಯಾಕೂಬಸಾಬನದು: ಹಡಗು ನಡೆಸುವವರನ್ನು ಹತ್ತುವ ಮೊದಲು ತೋರಿಸಬೇಕು.

ಬುಕಿಂಗ್ ಆಫೀಸಿನಲ್ಲಿ ರಂಜನಾ ಅನ್ನುವ ಹುಡುಗಿ. ಕೂಡ್ರಿ ಅಂದರೂ ನಾವು ಕೂಡಲಿಲ್ಲ. ಮನವಿ ಕೊಟ್ಟು ಪೋಚು ಪಡೆಯುವ ತನಕ ಕುರ್ಚಿ ಮುಟ್ಟಬಾರದು, ಚಾ ಕುಡಿಯಬಾರದು ಎನ್ನುವುದು ನಮ್ಮ ಹಳೆಯ ಕಟ್ಟಳೆ. ಪೋಚು ಅಂದರೇನೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ನಮ್ಮ ಪ್ರತಿಯ ಮೇಲೆ ಮುಟ್ಟಿತು ಅಂತ ಬರೆದು ಶಿಕ್ಕಾ ಒತ್ತಬೇಕು ಅಂತ ಮಾಸ್ತರರು ಮರಾಠಿಯಲ್ಲೂ ಕನ್ನಡದಲ್ಲೂ ತಿಳಿಸಿ ಹೇಳಿದರು. ಅವಳು ಮೂರು ಡ್ರಾವರ್ ಹುಡುಕಿ ಶಿಕ್ಕಾ ತೆಗೆದಳು. ಒತ್ತುವಾಗ ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಳು. ಕಚ್ಚಿಕೊಳ್ಳಲಿ. ಎರಡೂ ಕಂಪನಿಗೆ ಇಂಗ್ಲಿಷ್ ಮಾಡಿ ಕಳಿಸುತ್ತೇನೆ ಅಂದಳು, ಕಳಿಸಿದಳು.

ಹತ್ತು ದಿನದಲ್ಲಿ ಎರಡೂ ಕಡೆಯಿಂದ ಉತ್ತರ ಬಂದವು. ಸಮುದ್ರರಾಣಿಯ ಮನುಷ್ಯ ಮಾಸ್ತರರಿಗೆ ಫೋನೇ ಮಾಡಿದ. ಹಿಂದಿಯಲ್ಲಿ ಸಕ್ಕರೆ ಸುರಿಯುವ ದನಿ. ಎಲ್ಲ ಆಗುತ್ತದೆ, ಚಿಂತೆ ಬೇಡ, ಚಾಚಾರನ್ನು ಕಪ್ತಾನರ ಕೋಣೆಗೇ ಒಯ್ಯುತ್ತೇವೆ, ಚಕ್ರ ಹಿಡಿಸಿ ಫೋಟೋ ತೆಗೆಸುತ್ತೇವೆ, ಮೊದಲು ಬುಕ್ ಮಾಡಿರಿ. ಪಶ್ಚಿಮ ಲಹರಿಯವರದು ಒಂದು ಪುಟದ ಕಾಗದ. ಕೆಳಗೆ ಒಬ್ಬ ಹೆಣ್ಣುಮಗಳ ಸಹಿ. ಆರು ಬೇಡಿಕೆಗೆ ಆರು ಸಾಲು. ಎರಡಕ್ಕೆ ಹೌದು, ನಾಲ್ಕಕ್ಕೆ ಇಲ್ಲ.

ನಾವು ಮೂವರೂ ಖುಷಿಯಿಂದ ಸಿಂದಗಿಗೆ ಹೋದೆವು. ಗೆದ್ದೆವು ಅಂತಲೇ ತಿಳಿದಿದ್ದೆವು.

ಅಂಗಡಿ ಅಂದರೆ ನೆರಳಿಗೆ ಕಟ್ಟಿದ ಒಂದು ತಟ್ಟು, ಅದನ್ನು ಎತ್ತಿ ಹಿಡಿದ ಒಂದು ಬಿದಿರು ಗಳ. ಆ ಗಳವನ್ನು ನಾನು ಬಲ್ಲೆ. ನೀರು ಬಂದ ವರ್ಷ ಯಾಕೂಬಸಾಬ ಹನ್ನೊಂದು ದಿನ ಅದೇ ಗಳದಿಂದ ದೋಣಿ ಒತ್ತಿ ಊರಿನ ತಲಬಾಗಿಲು, ಕಣಜ, ಒಳಕಲ್ಲು, ಬಾಣಂತಿ, ಕುರಿಮರಿ ಎಲ್ಲವನ್ನೂ ದಿನ್ನೆಗೆ ಸಾಗಿಸಿದ. ಕೊನೆಯ ಖೇಪು ಮುಗಿದ ಮೇಲೆ ದೋಣಿಯನ್ನು ಮೀನುಗಾರರಿಗೆ ಬಿಟ್ಟು ಗಳವೊಂದನ್ನೇ ಹೆಗಲಿಗಿಟ್ಟುಕೊಂಡು ನಡೆದ. ಇಪ್ಪತ್ತೈದು ವರ್ಷವಾಯಿತು, ಮತ್ತೆ ನೀರಿಗಿಳಿದಿಲ್ಲ. ಗಳದ ಬುಡ ಇನ್ನೂ ಕರ್ರಗಿದೆ, ಹೊಳೆಯ ಎರೆಮಣ್ಣು ಕಚ್ಚಿದ ಬಣ್ಣ.

ಮಾಸ್ತರರು ಸಮುದ್ರರಾಣಿ ಒಪ್ಪಿದ ಸುದ್ದಿ ಹೇಳಿದರು. ಫೋಟೋ, ಚಕ್ರ, ಎಲ್ಲ. ಯಾಕೂಬಸಾಬ ಟ್ಯೂಬನ್ನು ತೊಟ್ಟಿಯಲ್ಲಿ ತಿರುವುತ್ತಲೇ ಕೇಳಿದ.

"ಹೂಂ ಅನ್ನಾಕ ಎಷ್ಟು ಹೊತ್ತು ತಗೊಂಡನ್ರಿ ಅಂವ?"

ಮಾಸ್ತರರು ಯೋಚಿಸಿದರು. "ನಾ ಕೇಳೂಕಿಂತ ಮೊದಲ ಅಂದ."

ಯಾಕೂಬಸಾಬ ಟ್ಯೂಬನ್ನು ನೀರಿನೊಳಗೆ ಒತ್ತಿ ಹಿಡಿದ. ಟ್ಯೂಬಿನಿಂದ ಗುಳ್ಳೆ ಎದ್ದವು, ಅಲ್ಲಿ ಬಳಪದಿಂದ ಗುರುತು ಮಾಡಿದ. ಇನ್ನೊಂದು ಕಾಗದ ಓದ್ರಿ ಅಂದ. ರಂಜನಾ ಕನ್ನಡದಲ್ಲಿ ಬರೆದುಕೊಟ್ಟಿದ್ದ ಐದನೇ ಸಾಲು ನಾನೇ ಓದಿದೆ: ಆಗುವುದಿಲ್ಲ. ಹಡಗು ನಡೆಸುವ ಕೋಣೆಗೆ ಪ್ರಯಾಣಿಕರನ್ನು ಬಿಡುವುದಿಲ್ಲ. ಮೊದಲ ದಿನ ಸಂಜೆ ಕಪ್ತಾನರು ಊಟದ ಹಾಲಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ನಿಲ್ಲುತ್ತಾರೆ, ಅಲ್ಲಿ ನೋಡಬಹುದು.

ಅವನು ಇನ್ನೊಮ್ಮೆ ಓದಿಸಿದ. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದ. ಅವನು ಯಾರನ್ನು ನೆನೆಸಿದನೆಂದು ನನಗೆ ಗೊತ್ತಾಯಿತು. ಮುಳುಗಡೆ ಆಫೀಸಿನ ಆ ಸಾಹೇಬನನ್ನು. ಎಷ್ಟು ಸಲ ಹೋದರೂ ಕುರ್ಚಿ ಕೊಟ್ಟು, ಚಾ ತರಿಸಿ, ನೋಡೂನ್ರಿ, ಆಗ್ತದ, ಈ ವರ್ಷ ನೀರು ನಿಮ್ಮ ಊರ ತನಕ ಬರೂದಿಲ್ಲ ಅಂದವನನ್ನು. ನಾವು ಪೋಚು ಹಿಡಿದು ನಗುತ್ತ ಊರಿಗೆ ಬಂದಿದ್ದೆವು, ಜ್ವಾಳ ಕಣಜದಲ್ಲೇ ಬಿಟ್ಟಿದ್ದೆವು. ಮೂರನೇ ವಾರಕ್ಕೆ ನೀರು ಊರ ಅಗಸಿ ಬಾಗಿಲಿಗೆ ಬಂತು. ಅವನಿಗಿಂತ ಮೊದಲಿದ್ದವನು ಮುಖಕ್ಕೆ ಹೊಡೆದಂತೆ ಆಗಂಗಿಲ್ಲ ಅನ್ನುತ್ತಿದ್ದ. ಅವನಿಗೆ ಬಾಯಿಗೆ ಬಂದಂತೆ ಬೈದಿದ್ದೇವೆ, ಆಫೀಸಿಗೆ ಬೀಗ ಜಡಿದಿದ್ದೇವೆ. ಆದರೆ ಅವನ ಮಾತು ನಂಬಿ ಯಾರೂ ಜ್ವಾಳ ಕಳಕೊಳ್ಳಲಿಲ್ಲ.

"ನಾನೂ ಹಿಂಗ ಹೇಳತಿದ್ನಿ," ಅಂದ ಯಾಕೂಬಸಾಬ. "ಹೊಳಿ ತುಂಬಿದಾಗ, ಇವತ್ತ ಇಲ್ಲ. ಅಷ್ಟ."

"ಹೇಳತಿದ್ದಿ ಬಿಡು," ಅಂದಳು ಸಿದ್ದವ್ವ. "ನನಗಿಂತ ಚಲೋ ಯಾರಿಗಿ ಗೊತ್ತೈತಿ?"

ಅದು ಊರಿಗೆಲ್ಲ ಗೊತ್ತಿದ್ದ ಕತೆ. ಸಿದ್ದವ್ವ ಹೊಳೆಯಾಚೆಯ ಹೆಣ್ಣು. ಮದುವೆಗೆ ದಿಬ್ಬಣ ಬಂದು ಆಚೆ ದಂಡೆಗೆ ನಿಂತಿತು. ಹೊಳೆ ಕೆಂಪಗೆ ಉಕ್ಕಿತ್ತು. ಯಾಕೂಬಸಾಬ ಆಗ ಮೀಸೆ ಮೂಡಿದ ಹುಡುಗ, ಅಪ್ಪ ಸತ್ತು ದೋಣಿ ಕೈಗೆ ಬಂದು ವರ್ಷವಾಗಿರಲಿಲ್ಲ. ಗೌಡರು ಗದರಿಸಿದರು, ಬೀಗರು ಹೊಡೆಯಲು ಬಂದರು, ಭಟ್ಟರು ಮುಹೂರ್ತ ಮೀರುತ್ತದೆಂದು ಕೂಗಾಡಿದರು. ಹುಡುಗ ಆ ದಂಡೆಯಲ್ಲೇ ದೋಣಿಯನ್ನು ಮರಕ್ಕೆ ಬಿಗಿದು ಅದರೊಳಗೇ ಮಲಗಿಬಿಟ್ಟ. ಮದುಮಗಳು ಬಾಸಿಂಗ ಕಟ್ಟಿಕೊಂಡು ಎರಡು ದಿನ ಎಕ್ಕೆಗಿಡದ ನೆರಳಿನಲ್ಲಿ ಕೂತಳು. ಸಿದ್ದವ್ವನ ಅತ್ತೆ ಸಾಯುವ ತನಕ ಯಾಕೂಬನ ದೋಣಿ ಹತ್ತಲಿಲ್ಲ, ಸಂತೆಗೆ ಸುತ್ತು ಹಾದಿ ಹಿಡಿದೇ ಹೋದಳು. ಆ ವಾರ ಮೇಲಿನ ಊರಿನ ದೋಣಿಯೊಂದು ಮಗುಚಿತ್ತು ಎನ್ನುವುದನ್ನು ಯಾಕೂಬಸಾಬ ಯಾರ ಮುಂದೆಯೂ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ. ಮೂವತ್ತು ವರ್ಷದಲ್ಲಿ ಅವನ ದೋಣಿಯಿಂದ ಒಂದು ಕೋಳಿಯೂ ನೀರಿಗೆ ಬಿದ್ದಿಲ್ಲ.

ಮಾಸ್ತರರು ಸುಲಭಕ್ಕೆ ಸೋಲುವವರಲ್ಲ. ಬೇರೆ ಒಲೆ ಅಂದರು, ಲಿಫ್ಟು ಅಂದರು, ಲಕ್ಷದ್ವೀಪ ಅಂದರು. ಸಿದ್ದವ್ವನ ಹನ್ನೊಂದು ಅಂತಸ್ತಿನ ಈಜುಕೊಳದ ಗತಿ ಏನು ಅಂತಲೂ ಕೇಳಿದರು. ಅವಳು ಸೆರಗು ಕೊಡವಿ ಎದ್ದಳು.

"ಎಮ್ಮಿ ಕೊಂಡದಾಗ ಕಾಲ ಇಳಿಬಿಟ್ಟ ಕೂಡ್ತೇನ್ರಿ ಮಾಸ್ತರ. ಈ ಸಣ್ಣ ಹಡಗಕ್ಕ ಅಂವ ಬರ್ತಾನೇನು, ಅದನ್ನ ಕೇಳ್ರಿ."

ನಾವು ಮೂವರೂ ಅವನನ್ನೇ ನೋಡಿದೆವು. ಯಾಕೂಬಸಾಬ ತೇಪೆಯ ಮೇಲೆ ಸುತ್ತಿಗೆಯಿಂದ ಎರಡು ಸಲ ತಟ್ಟಿದ.

"ಹತ್ತಿದ ಮ್ಯಾಲ ಮಾರಿ ತೋರಸ್ತಾರಂತಲ್ಲ. ಅಷ್ಟಕ್ಕ ಬರ್ತೇನಿ. ಆದ್ರ ಕೂಡಂಗಿಲ್ಲ, ಮೊದಲ ಹೇಳೇನಿ."

ಮೇ ತಿಂಗಳ ನಡುವೆ, ಆ ಹಂಗಾಮಿನ ಕೊನೆಯ ಖೇಪಿಗೆ ಹೊರಟೆವು. ಸಣ್ಣದು ಅಂದುಕೊಂಡಿದ್ದ ಹಡಗು ನಮ್ಮ ಮುಳುಗಿದ ಊರಿಗಿಂತ ದೊಡ್ಡದಿತ್ತು. ಸಂಜೆ ಹೇಳಿದಂತೆಯೇ ಕಪ್ತಾನ ಮೆಟ್ಟಿಲ ಮೇಲೆ ನಿಂತ. ಗಿಡ್ಡ ಆಳು, ಬಿಳಿ ಅಂಗಿ, ನಗು ಕಡಿಮೆ. ಮಂದಿ ಫೋಟೋ ತೆಗೆದುಕೊಂಡರು. ಯಾಕೂಬಸಾಬ ಕಂಬದ ಬದಿಗೆ ನಿಂತು ಹತ್ತು ನಿಮಿಷವೂ ಅವನ ಮುಖ ನೋಡಿದ. ಊಟ ಮುಗಿಸಿ ಹೊರಗೆ ಹೋಗಿ ಕಂಬಿ ಹಿಡಿದು ನಿಂತವನು ನಾವು ಬೆಳಿಗ್ಗೆ ಎದ್ದು ಬಂದಾಗಲೂ ಅಲ್ಲೇ ಇದ್ದ. ಕಣ್ಣು ಕೆಂಪಗಾಗಿದ್ದವು. ಮಾಸ್ತರರು ನನ್ನನ್ನು ಬದಿಗೆ ಕರೆದು, ಮುದುಕನನ್ನು ಸುಮ್ಮನೆ ಹಿಂಸೆಗೆ ತಂದೆವು ಅಂದರು. ನನಗೂ ಹಾಗೇ ಅನಿಸಿತ್ತು.

ಹತ್ತು ಗಂಟೆಯ ಸುಮಾರಿಗೆ ಧ್ವನಿವರ್ಧಕದಲ್ಲಿ ಕಪ್ತಾನ ಮಾತಾಡಿದ. ಇಂಗ್ಲಿಷ್, ಆಮೇಲೆ ಹಿಂದಿ. ಮುಂದೆ ಗಾಳಿ ಜೋರಿದೆ, ಅಲೆ ಎತ್ತರವಿದೆ, ಇವತ್ತು ಗೋವಾದ ಬಂದರಿಗೆ ಹಡಗು ಹಚ್ಚುವುದಿಲ್ಲ. ಇಲ್ಲಿಂದಲೇ ಹೊಳ್ಳುತ್ತೇವೆ. ಅಷ್ಟೇ.

ಹಡಗಿನ ತುಂಬ ಗದ್ದಲ. ಗೋವಾ ನೋಡಲೆಂದೇ ಬಂದ ಮಂದಿ. ಒಬ್ಬ ಟೋಪಿಯವನು ಕೌಂಟರಿನ ಹುಡುಗಿಯ ಮೇಲೆ ಏರಿ ಹೋದ. ಮಂಗೇಶಿಯ ದರ್ಶನಕ್ಕೆಂದು ಮಡಿಪಂಚೆ ಕಟ್ಟಿಕೊಂಡು ಬಂದಿದ್ದ ಮಾಸ್ತರರೂ ಹಲ್ಲು ಕಡಿದರು.

ಯಾಕೂಬಸಾಬ ಅವರ ತೋಳು ಮುಟ್ಟಿದ. "ಹಿಂದಿ ನನಗ ತಿಳೀತು. ಇಂಗ್ಲಿಷಿನ್ಯಾಗ ಏನಾರ ನೋಡೂಣು ಗೀಡೂಣು ಅಂದನೇನ್ರಿ?"

"ಇಲ್ಲೋ ಮಾರಾಯಾ. ಇಲ್ಲ ಅಂದ್ರ ಇಲ್ಲ ಅಂದ."

ಅವನು ತಲೆಯಾಡಿಸಿದ. ಕಂಬಿ ಬಿಟ್ಟ. ಕಾಲೆಳೆಯುತ್ತ ಹೋಗಿ ಈಜುಕೊಳದ ಬದಿಯ ಉದ್ದನೆಯ ಆರಾಮ ಕುರ್ಚಿಯಲ್ಲಿ, ಹಡಗಿನ ಮೂತಿಗೆ ಬೆನ್ನು ಹಾಕಿ ಕೂತ. ಆಮೇಲೆ ಎರಡೂ ಕಾಲು ಮೇಲಿಟ್ಟ. ನಾನು ನೀರು ತರುವಷ್ಟರಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಕರೆಯಲು ಮಾಸ್ತರರು ಅವನ ಭುಜಕ್ಕೆ ಕೈ ಹಾಕಿದರು. ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಸಿದ್ದವ್ವ ಅಲ್ಲಿಂದಲೇ ತಡೆದಳು.

"ಎಬ್ಬಸಬ್ಯಾಡ್ರಿ. ನನ್ನ ಎರಡು ದಿನ ದಂಡಿ ಮ್ಯಾಲ ಕೂಡಿಸಿ ಹಿಂಗ ಮಲಗಿದ್ದ. ಮಲಗಲಿ."