ಪೊಟ್ಟಣ ಮುಟ್ಟಿ ಕೊಡುತ್ತಿದ್ದ ಅಂಗಡಿಯವರು

ಅವರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಕಲ್ಲಿನ ಹಾಗೆ ನುಣ್ಣಗೆ ಸವೆದುಹೋಗಿತ್ತು. ಅಂಗಡಿ ಇಡುವ ಮೊದಲು ಅವರು ಒಬ್ಬ ಕಾಫಿ ವ್ಯಾಪಾರಿಯ ಬಳಿ ತೇವ ನೋಡುವ ಕೆಲಸದಲ್ಲಿದ್ದರಂತೆ. ಬೆಳೆಗಾರರು ತಂದ ಚೀಲಕ್ಕೆ ಕೈಹಾಕಿ, ಒಣಗಿದ ಬೀಜವನ್ನು ಹೆಬ್ಬೆರಳಲ್ಲಿ ಉಜ್ಜಿ, "ಇನ್ನೊಂದು ಬಿಸಿಲು ಬೇಕು" ಎಂದರೆ ಮುಗಿಯಿತು, ಯಂತ್ರ ಇಟ್ಟು ನೋಡಿದರೂ ಅದೇ. ಒಂದು ವರ್ಷ ಯಾರೋ "ಬೆಳೆಗಾರರ ಪರ ಕೈಯಾಡಿಸ್ತಾನೆ" ಎಂದು ವ್ಯಾಪಾರಿಯ ಕಿವಿ ಊದಿದರು. ಇವರು ಎದುರು ಮಾತಾಡದೆ ಕೆಲಸ ಬಿಟ್ಟು, ಮೂಡಿಗೆರೆಯ ಬಸ್‌ಸ್ಟ್ಯಾಂಡ್ ಪಕ್ಕ ಈ ಸಣ್ಣ ಅಂಗಡಿ ಇಟ್ಟರು. ಇಷ್ಟನ್ನೂ ನನಗೆ ಹೇಳಿದ್ದು ಅಪ್ಪ. ಅಪ್ಪ ಎಸ್ಟೇಟಿನಲ್ಲಿ ರೈಟರು, ಆಳುಗಳ ಹಾಜರಿ ಬರೆಯುವವರು. "ಪಾಪದ ಮನುಷ್ಯ" ಎಂದು ಕೊನೆಗೆ ಸೇರಿಸಿದ್ದರು ಕೂಡ. ನನ್ನ ತಲೆಯಲ್ಲಿ ಉಳಿದದ್ದು 'ಕೈಯಾಡಿಸ್ತಾನೆ' ಎಂಬುದೊಂದೇ.

ನನ್ನದು ಹುಟ್ಟು ಅನುಮಾನ. ಹಾಲು ಬೆಳ್ಳಗಿದ್ದರೆ ಯಾಕಿಷ್ಟು ಬೆಳ್ಳಗಿದೆ ಎಂದು ಕೇಳುವ ಜಾತಿ. ಏಳನೇ ಕ್ಲಾಸಿನಲ್ಲಿ ಆ ಅನುಮಾನಕ್ಕೆಲ್ಲ ಒಂದೇ ಗುರಿ ಸಿಕ್ಕಿತು: ಬಬಲ್‌ಗಮ್ ಪೊಟ್ಟಣ.

ಪೊಟ್ಟಣದೊಳಗೆ ಒಂದು ಗುಲಾಬಿ ಗಮ್ಮು, ಒಂದು ಕ್ರಿಕೆಟ್ ಕಾರ್ಡು. ಗಮ್ಮು ಎರಡು ನಿಮಿಷಕ್ಕೆ ರಬ್ಬರಾಗುತ್ತಿತ್ತು. ಕಾರ್ಡಿಗೆ ಮಾತ್ರ ಆ ಸಿಹಿ ವಾಸನೆ ತಿಂಗಳುಗಟ್ಟಲೆ. ಎಲ್ಲೋ ಅಪರೂಪಕ್ಕೆ ಒಂದು ಪೊಟ್ಟಣದಲ್ಲಿ ಬೆಳ್ಳಿಬಣ್ಣದ, ಒಂಚೂರು ದಪ್ಪನೆಯ ಕಾರ್ಡು ಬರುತ್ತಿತ್ತು. ನಾವದನ್ನು ಮಿಂಚು ಎನ್ನುತ್ತಿದ್ದೆವು. ಒಟ್ಟು ಹನ್ನೊಂದು ಮಿಂಚು. ಶಾಲೆಯಿಂದ ಬರುವಾಗ ದಿನಾ ಒಂದು ಪೊಟ್ಟಣ ಕೊಂಡು ಹತ್ತು ಕೂಡಿಸಿದ್ದೆ. ವಿಕೆಟ್ ಕೀಪರ್ ಒಬ್ಬ ಬರಲೊಲ್ಲ. ಹುಡುಗರು "ಹುಡುಗೀರಿಗ್ಯಾಕೆ ಕಾರ್ಡು" ಎಂದು ಆಡಿಕೊಳ್ಳುತ್ತಿದ್ದರು. ಹನ್ನೊಂದನ್ನೂ ಅವರ ಮೂಗಿಗೆ ಹಿಡಿಯುವುದು ನನ್ನ ಆಗಿನ ಜನ್ಮದ ಗುರಿ.

ಅಂಗಡಿಯವರು ಡಬ್ಬಿಯಲ್ಲಿ ಮೇಲಿದ್ದ ಪೊಟ್ಟಣವನ್ನು ಎಂದೂ ಕೊಟ್ಟವರಲ್ಲ. ಕಣ್ಣು ಬಸ್ಸಿನ ಕಡೆ, ಕೈ ಡಬ್ಬಿಯೊಳಗೆ. ಒಂದನ್ನು ಮುಟ್ಟಿ ಬಿಟ್ಟು, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ, "ತಗೋ ಮಾರಾಯ್ತಿ, ನಿನ್ನ ಹಣೇಲಿ ಇದ್ದದ್ದು" ಎಂದು ಕೊಡುವರು. ಕೆಲವನ್ನು ಮಾತ್ರ ಕೊಡದೆ ರಸ್ಕಿನ ಡಬ್ಬಿಯ ಹಿಂದೆ ಸರಿಸುವರು. ಅದನ್ನು ನಾನು ನೋಡಿದೆ. ಒಂದಲ್ಲ, ನಾಲ್ಕು ದಿನ ನೋಡಿದೆ. ನಮ್ಮ ಕ್ಲಾಸಿನಲ್ಲಿದ್ದ ಸಾಹುಕಾರರ ಮಗನ ಹತ್ತಿರ ಹನ್ನೊಂದೂ ಇದ್ದವು. ಇನ್ನೇನು ಬೇಕು? ನನ್ನೊಳಗಿನ ಕೋರ್ಟು ತೀರ್ಪು ಕೊಟ್ಟೇ ಬಿಟ್ಟಿತು. ಸಂತೆಯ ದಿನ ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಗಳ ಮಕ್ಕಳು ಬಂದು ಒಂದೊಂದೇ ಪೊಟ್ಟಣ ಕೊಂಡು, ಮಿಂಚು ಸಿಕ್ಕಿತೆಂದು ಕುಣಿಯುತ್ತಿದ್ದುದೂ ಕಂಡಿತ್ತು. ಆ ಮಕ್ಕಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅಷ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅಂಥದೇ ಒಂದು ಸಂತೆ. ಅಂಗಡಿ ತುಂಬ ಜನ.

"ಮಾಮ, ನೀವು ಮುಟ್ಟಿ ನೋಡಿ ಕೊಡ್ಬೇಡಿ. ಮೇಲಿಂದು ಕೊಡಿ" ಎಂದೆ.

"ಯಾಕೆ ಮಗ?"

"ಒಳ್ಳೇದೆಲ್ಲ ಎತ್ತಿಟ್ಟು ಸಾಹುಕಾರ್ರ ಮಗಂಗೆ ಕೊಡ್ತೀರಿ. ನಾ ನೋಡಿದೀನಿ. ಕಾಫಿ ಕೆಲಸದಲ್ಲೂ ಹಿಂಗೇ ಕೈಯಾಡಿಸಿದ್ರಂತಲ್ಲ!"

ಅವರು ಡಬ್ಬಿಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತಲ್ಲ ಎಂದು ನಾನು ಒಳಗೇ ಕುಣಿದೆ. ಬೀಡಿ ಕೊಳ್ಳುತ್ತಿದ್ದವರೊಬ್ಬರು, "ಏನ್ ಮಾರಾಯ್ರೆ, ರೈಟ್ರ ಮಗಳು ಹಿಡ್ದೇಬಿಟ್ಳಲ್ಲ!" ಎಂದು ನಕ್ಕರು. ಅಂಗಡಿಯವರು ಲೈನ್‌ಮನೆಯ ಮಕ್ಕಳ ಕಡೆ ಒಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು. ರಸ್ಕಿನ ಹಿಂದಿದ್ದವನ್ನೂ ಸೇರಿಸಿ ಇಡೀ ಡಬ್ಬಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು.

"ನೀವೇ ಆರಿಸ್ಕೊಳ್ಳಿ" ಎಂದರು. ಆಮೇಲೆ ಅವರು ಆ ಪೊಟ್ಟಣಗಳನ್ನು ಮುಟ್ಟಲೇ ಇಲ್ಲ.

ಮಾತು ಊರೆಲ್ಲ ಓಡಾಡಿತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಸಕ್ಕರೆ ತೂಗುವಾಗ ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡುವವರು ಹೆಚ್ಚಾದರು, ಕೆಲವರು ಎದುರಿನ ಅಂಗಡಿಗೆ ಹೋದರು. "ನಾನು ಹೇಳಿದ್ದೇನು, ನೀನು ಕೇಳಿಸ್ಕೊಂಡಿದ್ದೇನು! ಹೋಗಿ ತಪ್ಪಾಯ್ತು ಅನ್ನು" ಎಂದು ಅಪ್ಪ ಗದರಿದರು. ನಾನು ಹೋಗಲಿಲ್ಲ. ವಿಕೆಟ್ ಕೀಪರೂ ಬರಲಿಲ್ಲ.

ಹೋದ ವರ್ಷ, ಅವರು ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾಗಿ ಹೋದೆ. ನಾನೀಗ ವಸ್ತಾರೆಯಲ್ಲಿ ಮೇಷ್ಟರಗಿರಿ ಮಾಡುತ್ತೇನೆ, ತಲೆಯಲ್ಲಿ ನಾಲ್ಕು ಬಿಳಿ ಕೂದಲಿವೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಕಿತ್ತಳೆಹಣ್ಣು ಕೈಗೆ ಕೊಟ್ಟು, ಕ್ಷಮೆ ಕೇಳುವ ಬದಲು, "ಮಾಮ, ನಿಜ ಹೇಳಿ, ಅವತ್ತು ಎತ್ತಿಡ್ತಿದ್ರೋ ಇಲ್ವೋ?" ಎಂದು ಕೇಳಿಬಿಟ್ಟೆ.

"ಎತ್ತಿಡ್ತಿದ್ದೆ ಕಣಮ್ಮ. ದಪ್ಪ ಇರೋದು ಕೈಗೆ ಗೊತ್ತಾಗ್ತಿತ್ತಲ್ಲ."

"ಸಾಹುಕಾರ್ರ ಮಗಂಗಾ?"

"ಅವ್ನು ಡಬ್ಬಿಗಟ್ಲೆ ತಗೊಳ್ಳೋನು, ಅವಂಗ್ಯಾಕೆ? ಲೈನ್ ಮಕ್ಳಿಗೆ. ಸಂತೆಗೊಂದು ಪೊಟ್ಟಣ ಅವ್ಕೆ. ನೀನು ದಿನಾ ಬರೋಳು, ಇವತ್ತಲ್ಲ ನಾಳೆ ನಿಂಗೆ ಸಿಗ್ತಿತ್ತು."

"ಅಯ್ಯೋ, ಅವತ್ತೇ ಅಷ್ಟು ಜನರ ಮುಂದೆ ಹೇಳ್ಬಾರದಿತ್ತಾ ಮಾಮ?"

"ಆ ಮಕ್ಳೂ ಅಲ್ಲೇ ನಿಂತಿದ್ವಲ್ಲ. ತಮ್ಮ ಅದೃಷ್ಟ ಅಂತ ಕುಣೀತಿದ್ವು. ಅಲ್ಲ, ನಾನು ಆರಿಸಿ ಕೊಟ್ಟಿದ್ದು ಅಂತ ಹ್ಯಾಂಗೆ ಹೇಳ್ಲಿ?"

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ. ಹದಿನೈದು ದಿನಕ್ಕೆ ಹೋಗಿಬಿಟ್ಟರು.

ತಿಥಿಯ ಊಟದ ಪಂಕ್ತಿಯಲ್ಲಿ ಎದುರಿನವರೊಬ್ಬರು, "ಒಳ್ಳೆ ಮನುಷ್ಯ. ಕೈಯೊಂದು ಸರಿ ಇರ್ಲಿಲ್ಲ ಅಂತಿದ್ರು" ಎಂದರು. ನನ್ನದೇ ಮಾತು, ಇಷ್ಟು ವರ್ಷ ಬದುಕಿತ್ತು! ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಎಲೆಗೆ ಕೂತಿದ್ದ ರಮೇಶ ತನ್ನ ಮಗಳಿಗೆ ಹೇಳತೊಡಗಿದ. ಲೈನ್‌ಮನೆಯಲ್ಲಿ ಬೆಳೆದವನು, ಈಗ ಎಸ್ಟೇಟುಗಳಿಗೆ ಸ್ವಂತ ಜೀಪು ಓಡಿಸುತ್ತಾನೆ.

"ಈ ಅಜ್ಜನ ಅಂಗಡೀಲಿ ಎಷ್ಟೋ ಸಲ ನಂಗೆ ಮಿಂಚೇ ಬಂದಿತ್ತು ಪುಟ್ಟಿ. ದುಡ್ಡಿದ್ದೋರ ಮಕ್ಳಿಗೆ ಬರ್ದೇ ಇದ್ದದ್ದು ನಂಗೆ! ನಾನು ಅದೃಷ್ಟವಂತ ಅಂತ ಅವತ್ತೇ ಗೊತ್ತಾಯ್ತು. ಆ ಧೈರ್ಯದ ಮೇಲೇ ಜೀಪ್ ತಗೊಂಡಿದ್ದು."

ನಾನು ಬಾಯಿ ಮುಚ್ಚಿಕೊಂಡು ಅನ್ನ ಕಲಸಿದೆ.

ಅದಕ್ಕೇ ಇಲ್ಲಿ ಅಂಗಡಿಯವರ ಹೆಸರು ಬರೆದಿಲ್ಲ. ರಮೇಶ ಎಂಬುದೂ ಅವನ ಹೆಸರಲ್ಲ. ಓದುವ ನಿಮಗೆ ಇಂಥವರೇ ಇರಬೇಕು ಎಂಬ ಅನುಮಾನ ಬಂದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಅನುಮಾನವನ್ನು ಬಾಯಿಗೆ ತಂದು ನಾನು ಮಾಡಿದ್ದೇ ಸಾಕು.