ಒದ್ದೆ ಗೋಣಿಯಲ್ಲಿ ಕಟ್ಟಿದ ಸೊಪ್ಪು

ಅವಳ ಬಟ್ಟಲಿನ ಜೀವಕೋಶಗಳು ಬದುಕಿದವು, ನನ್ನವು ಸತ್ತವು. ಇಷ್ಟು ವರ್ಷವಾದರೂ ಇದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ.

ಎರಡು ಸಾವಿರದ ಆಸುಪಾಸು. ಕೋಲಾರದ ಒಂದು ಪ್ರಯೋಗಾಲಯದಲ್ಲಿ ನಾವಿಬ್ಬರು ವಿದ್ಯಾರ್ಥಿನಿಯರು. ರಕ್ತನಾಳದ ಒಳಗೋಡೆಯ ಕೋಶಗಳಿಗೆ ಹಿಪ್ಪುನೇರಳೆ ಸೊಪ್ಪಿನ ಸಾರ ಕೊಟ್ಟು, ಆಮೇಲೆ ಕೋಶ ಕೊಲ್ಲುವ ಪೆರಾಕ್ಸೈಡ್ ಹಾಕಬೇಕು. ಸಾರದಲ್ಲಿ ಕಾಪಾಡುವ ಗುಣ ಉಳಿದಿದ್ದರೆ ಕೋಶಗಳು ಆ ಪೆಟ್ಟು ತಡೆದುಕೊಳ್ಳುತ್ತವೆ. ಸೊಪ್ಪು ಅವರವರೇ ತರಬೇಕು, ಯಾರ ಕೋಶಗಳು ಉಳಿಯುತ್ತವೋ ಅವರಿಗೆ ಪಿಎಚ್‌ಡಿ ಸೀಟು, ಇರುವುದು ಒಂದೇ ಎಂದಿದ್ದರು ಪ್ರಯೋಗಾಲಯದ ಮೇಡಂ.

ಸೀಟು ನನ್ನದೇ ಎಂದು ನನಗೆ ಜಂಬ. ಲಕ್ಕೂರಿನ ಪಕ್ಕ ನಮ್ಮದು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆ. ಅವಳೋ ಮುಳಬಾಗಿಲಿನ ಲೆಕ್ಕಿಗರ ಮಗಳು, ಹುಳ ಕಂಡರೆ ಕಿರುಚುವವಳು. ಗಿಡ ನೋಡಬೇಕೆಂದು ಒಮ್ಮೆ ನಮ್ಮ ಮನೆಗೆ ಬಂದು, ಎರಡು ದಿನ ಅಮ್ಮನ ಹಿಂದೆ ಮುಂದೆ ಸುತ್ತಿದ್ದಳು. ಆಗಲೇ ನನಗೆ ಹೊಟ್ಟೆ ಉರಿದಿತ್ತು.

ಪ್ರಯೋಗದ ದಿನ, ಹುಳಕ್ಕೆ ಕೊಯ್ಯುವಂತೆಯೇ ನಾನು ಬೆಳಿಗ್ಗೆ ಎಳೆ ಸೊಪ್ಪು ಕೊಯ್ದು, ಬಾಡದಿರಲೆಂದು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಹುಳದ ಮನೆಗೆ ಬಾಡಿದ ಸೊಪ್ಪು ತಂದವಳಿಗೆ ಬೈಗುಳ ತಪ್ಪದು. ಕೈಗೆ ಅದೇ ರೂಢಿ. ಮಾಲೂರಿನಲ್ಲಿ ಇಳಿದು, ಬಸ್ಸು ಕಾದು, ಕೋಲಾರ ಮುಟ್ಟುವಷ್ಟರಲ್ಲಿ ಗೋಣಿಯೊಳಗೆ ಸೊಪ್ಪು ಬೆಂದು ಕಪ್ಪಾಗಿತ್ತು. ಕಪ್ಪಾದದ್ದನ್ನು ಎಸೆದು, ಉಳಿದದ್ದರಲ್ಲೇ ಸಾರ ತೆಗೆದೆ.

ಅವಳು ತಂದದ್ದು ಒಣಗಿದ ಸೊಪ್ಪು. ಮುಟ್ಟಿದರೆ ಗರಗರ, ಬಣ್ಣ ಮಾತ್ರ ಇನ್ನೂ ಹಸಿರು. ಸೂಕ್ಷ್ಮದರ್ಶಕದಲ್ಲಿ ಅವಳ ಕೋಶಗಳು ಚಪ್ಪಡಿ ಹಾಸಿದಂತೆ ಒತ್ತಾಗಿ ಕೂತಿದ್ದವು. ನನ್ನವು ಮುದುಡಿ ತೇಲುತ್ತಿದ್ದವು. ಸೀಟು ಅವಳಿಗೆ ಹೋಯಿತು.

"ಸೊಪ್ಪು ನಿಮ್ಮಮ್ಮಂದೇ ಕಣೇ. ಅಟ್ಟದ ಮೇಲೆ ಒಣಗಿಸಿ ಕೊಟ್ರು," ಎಂದಳು ಅಳುಕುತ್ತಾ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಗಿಡ ಅವಳಿಗೆ ಮದ್ದಾಗಿತ್ತು. ಸೀಟು ಹೋದದ್ದಕ್ಕಿಂತ, ನನ್ನ ಅಮ್ಮ ಅವಳಿಗಾಗಿ ಅಟ್ಟ ಹತ್ತಿದಳೆಂಬುದೇ ನನ್ನನ್ನು ಸುಟ್ಟಿತು. ಅವತ್ತೇ ಮನೆಗೆ ಹೋಗಿ ಹಾರಾಡಿದೆ.

"ಹೆತ್ತ ಮಗಳಿಗಿಲ್ಲದ್ದು ಅವಳಿಗ್ಯಾಕಮ್ಮ?"

ಅಮ್ಮ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆ ಹುಡ್ಗಿ ಪಕ್ಕದಲ್ಲಿ ಕೂತ್ಕೊಂಡು ಸೊಪ್ಪು ಯಾತಕ್ಕೆ ಅಂತ ಬಿಡ್ಸಿ ಹೇಳಿದ್ಳು. ರಕ್ತ ಹರಿಯೋ ನಾಳದ ಗೋಡೆ ಕೆಡದಂಗೆ ಕಾಪಾಡೋಕೆ ಅಂತ. ಮದ್ದಿನ ಸೊಪ್ಪು ನೆಳ್ಳಲ್ಲಿ ಒಣಗಿಸ್ಬೇಕು ಅನ್ನೋದು ನಂಗೊತ್ತು, ಒಣಗಿಸ್ದೆ. ನೀನು ಒದ್ದೆ ಗೋಣಿ ಕೇಳ್ದೆ, ಕೊಟ್ಟೆ. ಯಾತಕ್ಕೇ ಅಂತ ನಾನು ಕೇಳಿದ್ದಕ್ಕೆ, ನಿಂಗರ್ಥ ಆಗಲ್ಲ ಬಿಡಮ್ಮ ಅಂದೆ."